ಅಂಜದೀವ: ಒಂದು ಸಣ್ಣ ದ್ವೀಪ, ಏಳು ನಾವಿಕರು



ನಮ್ಮದು ಸಮುದ್ರ ಕಾಣದ ನಾಡು. ಜಹೀರಾಬಾದಿನ ಕೆಂಪು ಮಣ್ಣು, ನಾರಾಯಣಖೇಡದ ಜೋಳದ ಹೊಲಗಳು, ತಾಂಡೂರಿನ ಹಾಸುಗಲ್ಲಿನ ಗಣಿಗಳು, ಇವುಗಳ ನಡುವೆ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರು ಕಂಡಿರುವ ಅತಿ ದೊಡ್ಡ ನೀರೆಂದರೆ ಮಂಜೀರಾ ನದಿಗೆ ಕಟ್ಟಿದ ಸಿಂಗೂರು ಜಲಾಶಯ. ಆದ್ದರಿಂದ ಸಮುದ್ರದ ನಡುವಿನ ಒಂದು ಕೋಟೆಯ ಮೇಲೆ ನಡೆದ ಕದನದ ವಿಷಯ ನಮಗೇಕೆ ಎಂದು ಯಾರಾದರೂ ಕೇಳಬಹುದು. ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರವನ್ನು ಪಾಠದ ಕೊನೆಯ ಹೊತ್ತಿಗೆ ಕೊಡುತ್ತೇವೆ. ಉತ್ತರ ನಮ್ಮ ಊರ ಪಕ್ಕದ ಹೆದ್ದಾರಿಯ ಮೇಲೆಯೇ ಇದೆ ಎಂದು ಮಾತ್ರ ಈಗ ಹೇಳಿಡುತ್ತೇವೆ.

ಇತಿಹಾಸದ ತರಗತಿಯಲ್ಲಿ ಗೋವೆಯ ವಿಮೋಚನೆಯನ್ನು ನಾವು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ: 1961ರ ಡಿಸೆಂಬರ್ 19ರಂದು ಗೋವಾ ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆಯಾಯಿತು. ವಾಕ್ಯ ಸರಿಯಾಗಿಯೇ ಇದೆ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ. ಆದರೆ ಆ ವಾಕ್ಯದ ಒಳಗೆ ಕಾರವಾರದ ಎದುರಿನ ಒಂದು ಪುಟ್ಟ ದ್ವೀಪವಿದೆ. ಆ ದ್ವೀಪದ ದಂಡೆಯಲ್ಲಿ ಪ್ರಾಣ ಬಿಟ್ಟ ಏಳು ನಾವಿಕರಿದ್ದಾರೆ. ಅವರನ್ನು ಆ ವಾಕ್ಯದಿಂದ ಹೊರತೆಗೆದು ನಮ್ಮ ಮಕ್ಕಳಿಗೆ ತೋರಿಸಬೇಕೆಂಬುದೇ ಈ ಪಾಠದ ಉದ್ದೇಶ.

ನೀರಿನಿಂದ ನೆಲಕ್ಕೆ ಯುದ್ಧ

ಕಪ್ಪೆಯು ನೀರಿನಲ್ಲಿಯೂ ನೆಲದ ಮೇಲೆಯೂ ಬಾಳುವುದರಿಂದ ಅದನ್ನು ಉಭಯವಾಸಿ ಎಂದು ವಿಜ್ಞಾನದಲ್ಲಿ ಓದಿದ್ದೇವೆ. ಹಾಗೆಯೇ ಸೈನಿಕರು ಹಡಗಿನಿಂದ ದೋಣಿಗೆ, ದೋಣಿಯಿಂದ ದಂಡೆಗೆ ಇಳಿದು ಶತ್ರುವಿನ ನೆಲವನ್ನು ಹಿಡಿಯುವ ಕಾರ್ಯಾಚರಣೆಯನ್ನು ಉಭಯಚರ ಯುದ್ಧವೆಂದು ಕರೆಯುತ್ತಾರೆ. ಯುದ್ಧಗಳಲ್ಲೆಲ್ಲ ಇದು ಅತ್ಯಂತ ಕಠಿಣವಾದುದೆಂದು ಸೇನಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಮರೆಯಿಲ್ಲದಿರುವುದು. ಹೊಲದಲ್ಲಿ ಗುಂಡು ಹಾರಿದರೆ ಸೈನಿಕನು ಬದುವಿನ ಹಿಂದೆಯೋ ಹಳ್ಳದ ಒಳಗೋ ಮಲಗಿ ತನ್ನನ್ನು ಕಾಪಾಡಿಕೊಳ್ಳಬಲ್ಲನು. ದೋಣಿಯಲ್ಲಿ ಕುಳಿತವನಿಗೆ ಬದುವೂ ಇಲ್ಲ, ಹಳ್ಳವೂ ಇಲ್ಲ. ದೋಣಿ ದಂಡೆಗೆ ತಾಗುವ ತನಕ ಅವನು ಕುಳಿತಲ್ಲಿಯೇ ಇರಬೇಕು. ಮೇಲಿನ ಗುಡ್ಡದಿಂದ ನೋಡುವವನಿಗೆ ಅವನು ಅಂಗೈ ಮೇಲೆ ಇಟ್ಟಂತೆ ಕಾಣುತ್ತಾನೆ.

ಎರಡನೆಯದು, ಹಿಂದಿರುಗಲು ದಾರಿಯಿಲ್ಲದಿರುವುದು. ಬೆನ್ನ ಹಿಂದೆ ಇರುವುದು ನೀರು. ಗುಂಡು ಮುಗಿದರೆ, ಗಾಯವಾದರೆ, ಕುಡಿಯುವ ನೀರು ಬೇಕಾದರೆ, ಎಲ್ಲವೂ ಅದೇ ನೀರನ್ನು ದಾಟಿ ಬರಬೇಕು.

ಮೂರನೆಯದನ್ನು ಮಕ್ಕಳು ಗಮನವಿಟ್ಟು ತಿಳಿಯಬೇಕು. ಸೈನಿಕರು ಇಳಿಯುವ ಮುನ್ನ ಯುದ್ಧನೌಕೆಯ ತೋಪುಗಳು ದಂಡೆಯ ಮೇಲೆ ಗುಂಡಿನ ಮಳೆ ಸುರಿಸುತ್ತವೆ. ಆಗ ಕೋಟೆಯೊಳಗಿನವರು ತಲೆ ಎತ್ತಲಾರರು. ಆದರೆ ನಮ್ಮವರ ದೋಣಿ ದಂಡೆಗೆ ಹತ್ತಿರವಾದ ಕೂಡಲೇ ತೋಪುಗಳನ್ನು ನಿಲ್ಲಿಸಲೇಬೇಕು. ಇಲ್ಲವಾದರೆ ನಮ್ಮ ಗುಂಡೇ ನಮ್ಮವರ ಮೇಲೆ ಬಿದ್ದೀತು. ತೋಪು ನಿಂತ ಗಳಿಗೆಗೂ ಸೈನಿಕನ ಕಾಲು ನೆಲಕ್ಕೆ ಊರಿದ ಗಳಿಗೆಗೂ ನಡುವೆ ಕೆಲವೇ ನಿಮಿಷಗಳಿರುತ್ತವೆ. ಆ ಕೆಲವು ನಿಮಿಷಗಳಲ್ಲಿ ಕೋಟೆಯವನು ತಲೆ ಎತ್ತಿ ಬಂದೂಕು ಹಿಡಿದರೆ ಏನಾಗುತ್ತದೆ? ದ್ವೀಪದ ಕದನಗಳ ಕಥೆಯೆಲ್ಲ ಆ ನಿಮಿಷಗಳ ಕಥೆಯೇ ಆಗಿರುತ್ತದೆ.

ನಮ್ಮ ದೇಶದಲ್ಲಿಯೇ ಇದಕ್ಕೆ ಹಳೆಯ ನಿದರ್ಶನವೊಂದಿದೆ. ಕೊಂಕಣದ ಮುರುಡ ಊರಿನ ಎದುರು ಜಂಜೀರಾ ಎಂಬ ಜಲದುರ್ಗವಿದೆ. ಸಹ್ಯಾದ್ರಿಯ ಎಷ್ಟೋ ಗಿರಿದುರ್ಗಗಳನ್ನು ಗೆದ್ದ ಶಿವಾಜಿ ಮಹಾರಾಜರಿಗೂ, ಅವರ ಮಗ ಸಂಭಾಜಿಗೂ, ಸಿದ್ದಿಗಳು ಕಾಯುತ್ತಿದ್ದ ಆ ದ್ವೀಪದ ಕೋಟೆ ಕೈಗೆ ಸಿಗಲಿಲ್ಲ. ಗುಡ್ಡವನ್ನು ಹತ್ತಬಲ್ಲ ಸೇನೆಗೆ ನೀರನ್ನು ದಾಟುವುದು ಬೇರೆಯೇ ವಿದ್ಯೆ ಎಂಬುದನ್ನು ಜಂಜೀರಾ ತೋರಿಸಿಕೊಟ್ಟಿತು.

ದ್ವೀಪದ ಪರಿಚಯ

ಈಗ ನಕ್ಷೆಯನ್ನು ಬಿಡಿಸಿಕೊಳ್ಳೋಣ. ನಮ್ಮಿಂದ ಪಶ್ಚಿಮಕ್ಕೆ ಬೀದರ, ಕಲಬುರಗಿ, ವಿಜಯಪುರ, ಹುಬ್ಬಳ್ಳಿಗಳನ್ನು ದಾಟಿ, ಘಟ್ಟವನ್ನು ಇಳಿದರೆ ಕಾರವಾರ ಸಿಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣವಿದು. ಇದರ ದಕ್ಷಿಣಕ್ಕೆ ಬಿಣಗಾ ಎಂಬ ಊರು. ಆ ಊರಿನ ಎದುರು, ದಂಡೆಯಿಂದ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರದಲ್ಲಿ, ಒಂದು ಹಸಿರು ಗುಡ್ಡ ನೀರಿನಿಂದ ಎದ್ದು ನಿಂತಿದೆ. ಅದೇ ಅಂಜದೀವ. ಅಂಜುದೀವ, ಅಂಜದೀಪ ಎಂದೂ ಕರೆಯುತ್ತಾರೆ. ಅದರ ಉದ್ದ ಸುಮಾರು ಒಂದೂವರೆ ಕಿಲೋಮೀಟರು. ಅಗಲ ಅದಕ್ಕಿಂತ ಬಹಳ ಕಡಿಮೆ. ನಮ್ಮ ಕಡೆ ಒಂದು ಹಳ್ಳಿಯಿಂದ ಪಕ್ಕದ ಹಳ್ಳಿಗೆ ನಡೆದು ಹೋಗುವ ದೂರವೇ ಇದಕ್ಕಿಂತ ಹೆಚ್ಚು. ದಂಡೆ ಕರ್ನಾಟಕದ್ದು, ಆದರೆ ದ್ವೀಪ ಇಂದಿಗೂ ಗೋವಾ ರಾಜ್ಯಕ್ಕೆ ಸೇರಿದೆ.

ಹಿಂದೆ ಈ ದ್ವೀಪದಲ್ಲಿ ಆರ್ಯಾದುರ್ಗಾ ದೇವಿಯ ಗುಡಿಯಿತ್ತೆಂದೂ, ಪೋರ್ಚುಗೀಸರ ಕಾಲದಲ್ಲಿ ದೇವಿಯನ್ನು ಅಂಕೋಲೆಗೆ ಒಯ್ದರೆಂದೂ ಆ ಕಡೆಯ ಜನ ಹೇಳುತ್ತಾರೆ. ಅಂಕೋಲೆಯಲ್ಲಿ ಆ ದೇವಿಯ ಗುಡಿ ಇಂದಿಗೂ ಇದೆ.

ಇಷ್ಟು ಚಿಕ್ಕ ನೆಲಕ್ಕೆ ಇಷ್ಟೊಂದು ಮಹತ್ವ ಬಂದುದು ಏಕೆ? ಒಂದು ಕಾರಣ ಸಿಹಿನೀರು. ಸುತ್ತಲೂ ಉಪ್ಪುನೀರಿರುವಾಗ ಒಳಗೆ ಸಿಹಿನೀರಿನ ಸೆಲೆ ಇದ್ದರೆ ನಾವಿಕರಿಗೆ ಅದಕ್ಕಿಂತ ದೊಡ್ಡ ನಿಧಿಯಿಲ್ಲ. ಮಳೆ ಕೈಕೊಟ್ಟ ವರ್ಷ ಊರಿನ ಒಂದೇ ಸಿಹಿನೀರ ಬಾವಿಗೆ ಎಷ್ಟು ಬೆಲೆಯೆಂಬುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1498ರಲ್ಲಿ ವಾಸ್ಕೋ ಡ ಗಾಮಾ ಕೇರಳದಿಂದ ಹಿಂದಿರುಗುವಾಗ ಹಡಗುಗಳನ್ನು ಇಲ್ಲಿ ನಿಲ್ಲಿಸಿ, ನೀರು ತುಂಬಿಸಿಕೊಂಡು, ರಿಪೇರಿ ಮಾಡಿಸಿಕೊಂಡನು. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೋ ಡಿ ಅಲ್ಮೇಡಾ ಇಲ್ಲಿ ಕೋಟೆ ಕಟ್ಟಿಸಿದನು. ಮರುವರ್ಷವೇ ಅದನ್ನು ಕೆಡವಿಸಿದರು. ಮುಂದೆ 1682ರಲ್ಲಿ ಮತ್ತೆ ಕೋಟೆ ಎದ್ದಿತು. ಅವರು ಇಲ್ಲಿ ಕಟ್ಟಿದ ಇಗರ್ಜಿಗೂ ನೀರಿನ ಸೆಲೆಗಳ ಮಾತೆ ಎಂಬ ಅರ್ಥದ ಹೆಸರನ್ನೇ ಇಟ್ಟರು.

ಈ ದ್ವೀಪ ಒಮ್ಮೆ ಇಂಗ್ಲಿಷರ ಸ್ಮಶಾನವೂ ಆಯಿತು. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಮದುವೆಯಾದಾಗ ಮುಂಬಯಿಯನ್ನು ವರದಕ್ಷಿಣೆಯಾಗಿ ಕೊಟ್ಟ ಕಥೆ ನಿಮಗೆ ಗೊತ್ತಿದೆ. ಅದನ್ನು ವಶಪಡಿಸಿಕೊಳ್ಳಲು 1662ರಲ್ಲಿ ಅಬ್ರಹಾಂ ಶಿಪ್‌ಮನ್ ನಾಲ್ಕು ನೂರಕ್ಕೂ ಹೆಚ್ಚು ಸೈನಿಕರೊಂದಿಗೆ ಬಂದನು. ಮುಂಬಯಿಯ ಪೋರ್ಚುಗೀಸರು ಊರನ್ನು ಬಿಟ್ಟುಕೊಡಲಿಲ್ಲ. ಬೇರೆ ಜಾಗವಿಲ್ಲದೆ ಆ ಸೈನಿಕರು ಅಂಜದೀವದಲ್ಲಿ ಬೀಡುಬಿಟ್ಟರು. ರೋಗರುಜಿನಗಳಿಗೆ ಅವರಲ್ಲಿ ಹೆಚ್ಚಿನವರು ಬಲಿಯಾದರು. 1664ರಲ್ಲಿ ಶಿಪ್‌ಮನ್ನನೂ ಸತ್ತನು. 1665ರಲ್ಲಿ ಮುಂಬಯಿ ಕೈಗೆ ಬಂದಾಗ ಉಳಿದಿದ್ದವರು ನೂರರ ಆಸುಪಾಸಿನ ಜನ. ಗುಂಡು ಹಾರದೆಯೂ ದ್ವೀಪವು ಸೇನೆಯನ್ನು ಕೊಲ್ಲಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಕದನಕ್ಕೆ ಕಾರಣ

1947ರಲ್ಲಿ ಬ್ರಿಟಿಷರು ಹೋದರು. 1954ರಲ್ಲಿ ಫ್ರೆಂಚರು ಪಾಂಡಿಚೇರಿಯನ್ನು ಬಿಟ್ಟುಕೊಟ್ಟರು. ಪೋರ್ಚುಗಲ್ ಮಾತ್ರ ಗೋವಾ, ದಮನ್, ದಿಯುಗಳನ್ನು ಬಿಡಲು ಒಪ್ಪಲಿಲ್ಲ. ಆ ದೇಶವನ್ನು ಆಳುತ್ತಿದ್ದ ಸರ್ವಾಧಿಕಾರಿ ಸಲಜಾರ್, ಗೋವಾ ವಸಾಹತಲ್ಲ, ಪೋರ್ಚುಗಲ್ಲಿನದೇ ಒಂದು ಪ್ರಾಂತ ಎಂದು ವಾದಿಸುತ್ತಿದ್ದನು. 1946ರ ಜೂನ್ 18ರಂದು ಡಾ. ರಾಮಮನೋಹರ ಲೋಹಿಯಾ ಮಡಗಾಂವದಲ್ಲಿ ಕಾನೂನು ಮುರಿದು ಸಭೆ ನಡೆಸಿ ಹೋರಾಟಕ್ಕೆ ಕಿಡಿ ಹಚ್ಚಿದ್ದರು. 1955ರ ಆಗಸ್ಟ್ 15ರಂದು ನಿರಾಯುಧರಾಗಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಲಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಬೆಳಗಾವಿ ಮತ್ತು ಕಾರವಾರಗಳು ಈ ಚಳವಳಿಗೆ ನೆರೆಮನೆಯಂತೆ ಆಸರೆ ಕೊಟ್ಟವು.

ಹೀಗೆ ಹದಿನಾಲ್ಕು ವರ್ಷಗಳು ಮಾತುಕತೆಯಲ್ಲಿ ಕಳೆದವು. 1961ರ ನವೆಂಬರ್ ತಿಂಗಳಲ್ಲಿ ಅಂಜದೀವದಿಂದ ಗುಂಡು ಹಾರಿತು. ದ್ವೀಪಕ್ಕೂ ದಂಡೆಗೂ ನಡುವಿನ ನೀರಿನಲ್ಲಿ ಸಾಗುತ್ತಿದ್ದ ಸಾಬರಮತಿ ಎಂಬ ಭಾರತೀಯ ಹಡಗಿನ ಮುಖ್ಯ ಎಂಜಿನಿಯರ್ ಗಾಯಗೊಂಡರು. ಕೆಲವು ದಿನಗಳಲ್ಲಿ ಕಾರವಾರದ ಕಡೆಯ ಮೀನುಗಾರರ ದೋಣಿಯ ಮೇಲೂ ಗುಂಡು ಬಿದ್ದು ಒಬ್ಬ ಮೀನುಗಾರ ಸತ್ತನು. ಅವನು ಸೈನಿಕನಲ್ಲ, ಸತ್ಯಾಗ್ರಹಿಯೂ ಅಲ್ಲ. ಮನೆಯವರ ಹೊಟ್ಟೆಗಾಗಿ ಬಲೆ ಬೀಸಲು ಹೋದವನು. ನಮ್ಮ ಕಡೆ ಹೊಲಕ್ಕೆ ಹೋದ ರೈತ ಸಂಜೆ ಮನೆಗೆ ಬಾರದಿದ್ದರೆ ಹೇಗೋ ಹಾಗೆ. ಕಾರವಾರದ ದಂಡೆಯ ಮೀನುಗಾರರ ಕೇರಿಗಳಲ್ಲಿ ಭಯವೂ ಸಿಟ್ಟೂ ಹಬ್ಬಿದವು. ವಿಷಯ ದಿಲ್ಲಿಯ ಸಂಸತ್ತಿಗೆ ಮುಟ್ಟಿತು. ಕೊನೆಗೆ ಸೇನೆಯನ್ನು ಕಳುಹಿಸುವ ತೀರ್ಮಾನವಾಯಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ವಿಜಯ್.

ಎರಡು ನೌಕೆಗಳು

ಭೂಸೇನೆಯು ಉತ್ತರ ಮತ್ತು ಪೂರ್ವ ದಿಕ್ಕುಗಳಿಂದ ಗೋವೆಯನ್ನು ಪ್ರವೇಶಿಸಬೇಕು, ವಾಯುಪಡೆಯು ವಿಮಾನನಿಲ್ದಾಣವನ್ನು ನಿಷ್ಕ್ರಿಯಗೊಳಿಸಬೇಕು, ನೌಕಾಪಡೆಯು ಸಮುದ್ರದ ಬಾಗಿಲನ್ನು ಮುಚ್ಚಬೇಕು ಎಂದು ಯೋಜನೆಯಾಯಿತು. ಅಂಜದೀವವನ್ನು ಹಿಡಿಯುವ ಕೆಲಸ ನೌಕಾಪಡೆಯ ಪಾಲಿಗೆ ಬಂದಿತು. ಅದಕ್ಕಾಗಿ ಎರಡು ನೌಕೆಗಳು ಬಂದವು: ತ್ರಿಶೂಲ್ ಮತ್ತು ಮೈಸೂರ್.

ತ್ರಿಶೂಲ್ ಆಗ ಹೊಸ ಫ್ರಿಗೇಟ್ ನೌಕೆ. 1960ರಲ್ಲಿ ಸೇವೆಗೆ ಸೇರಿತ್ತು. ನಾಲ್ಕೂವರೆ ಅಂಗುಲದ ತೋಪುಗಳು ಅದರಲ್ಲಿದ್ದವು. ಮೈಸೂರ್ ಅದಕ್ಕಿಂತ ಬಹಳ ದೊಡ್ಡ ಕ್ರೂಸರ್. ಎರಡನೆಯ ಮಹಾಯುದ್ಧದಲ್ಲಿ ನೈಜೀರಿಯಾ ಎಂಬ ಹೆಸರಿನಲ್ಲಿ ಬ್ರಿಟಿಷರ ಪರವಾಗಿ ಹೋರಾಡಿದ ಹಡಗು ಅದು. ಭಾರತವು ಅದನ್ನು ಕೊಂಡುಕೊಂಡು 1957ರಲ್ಲಿ ನೌಕಾಪಡೆಗೆ ಸೇರಿಸಿ ನಮ್ಮ ಮೈಸೂರಿನ ಹೆಸರಿಟ್ಟಿತು. ಅದರ ಲಾಂಛನದಲ್ಲಿದ್ದುದು ಎರಡು ತಲೆಯ ಗಂಡಭೇರುಂಡ ಪಕ್ಷಿ. ಆರು ಅಂಗುಲದ ತೋಪುಗಳನ್ನು ಹೊತ್ತ ಈ ಹಡಗು ಮೈಸೂರು ರಾಜ್ಯದ್ದೇ ಆಗಿದ್ದ ಕಾರವಾರದ ದಂಡೆಯ ಎದುರು ಬಂದು ನಿಂತಿತು.

ಅಂದು ಭಾರತದ ನೌಕಾಪಡೆಯಲ್ಲಿ ದಂಡೆಗೆ ಇಳಿದು ಹೋರಾಡುವುದನ್ನೇ ಕಸುಬಾಗಿ ಕಲಿತ ಪ್ರತ್ಯೇಕ ದಳವಿರಲಿಲ್ಲ. ಆದ್ದರಿಂದ ನಾವಿಕರಿಂದಲೇ ಒಂದು ತಂಡವನ್ನು ಆರಿಸಿ ಕಟ್ಟಲಾಯಿತು. ಲೆಫ್ಟಿನೆಂಟ್ ಅರುಣ್ ಆಡಿಟ್ಟೋ ಅದರ ನಾಯಕರು. ಹಡಗಿನ ಕೆಲಸಕ್ಕೆಂದು ಸೇರಿದ ತರುಣರು ಬಂದೂಕು ಹಿಡಿದು ಕಾಲಾಳುಗಳಂತೆ ದಿಬ್ಬ ಹತ್ತಬೇಕಾಗಿತ್ತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಭಾಗವನ್ನು ಓದಬೇಕು.

ಡಿಸೆಂಬರ್ 18

1961ರ ಡಿಸೆಂಬರ್ 18ರ ಬೆಳಗ್ಗೆ ಕಾರ್ಯಾಚರಣೆ ಆರಂಭವಾಯಿತು. ನೌಕೆಯ ತೋಪುಗಳ ರಕ್ಷಣೆಯಲ್ಲಿ ಮೊದಲ ತಂಡದ ದೋಣಿಗಳು ದ್ವೀಪದತ್ತ ಹೊರಟವು. ಹೆಚ್ಚಿನ ತೊಂದರೆಯಿಲ್ಲದೆ ಅವರು ದಂಡೆಯನ್ನು ತಲುಪಿದರು. ದ್ವೀಪದಲ್ಲಿ ಬಿಳಿಯ ಬಾವುಟ ಕಂಡಿತ್ತೆಂದು ನಮ್ಮ ನೌಕಾಪಡೆಯ ಕಥನಗಳು ಹೇಳುತ್ತವೆ. ಕೆಲಸ ಸುಲಭವಾಯಿತೆಂದು ಎಣಿಸುವಂತಿತ್ತು.

ಎರಡನೆಯ ತಂಡದ ದೋಣಿಗಳು ಇನ್ನೂ ನೀರಿನ ಮೇಲೆ ಇದ್ದವು. ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಮೆಷಿನ್ ಗನ್ನುಗಳು ಒಮ್ಮೆಲೇ ಗುಂಡು ಸುರಿಸತೊಡಗಿದವು. ನಾವು ಮೊದಲು ಹೇಳಿದ ಆ ಕೆಲವು ನಿಮಿಷಗಳು ಇವೇ. ಮರೆಯಿಲ್ಲ, ಹಿಂದಿರುಗಲು ದಾರಿಯಿಲ್ಲ. ಈ ತಂಡವನ್ನು ಮುನ್ನಡೆಸುತ್ತಿದ್ದ ಅಧಿಕಾರಿ ನೋಯೆಲ್ ಕೆಲ್ಮನ್ ಗಾಯಗೊಂಡರೂ ದೋಣಿಗಳನ್ನು ಹಿಂದಕ್ಕೆ ತಿರುಗಿಸಲಿಲ್ಲ. ಇಳಿದವರು ಇಳಿದಲ್ಲಿಯೇ ಕಾದಾಡಿದರು. ದಂಡೆಯಲ್ಲಿ ನಾವಿಕರು ಒಬ್ಬೊಬ್ಬರಾಗಿ ಬೀಳತೊಡಗಿದರು.

ನೌಕೆಗಳು ಮತ್ತೆ ತೋಪು ಹಾರಿಸಬೇಕಾಯಿತು. ಆದರೆ ಈಗ ಅದೇ ದ್ವೀಪದ ಮೇಲೆ ನಮ್ಮವರೂ ಇದ್ದರು. ಇಡೀ ದ್ವೀಪವೇ ಒಂದೂವರೆ ಕಿಲೋಮೀಟರಾದಾಗ ಶತ್ರು ಎಲ್ಲಿ, ನಮ್ಮವರೆಲ್ಲಿ ಎಂದು ಹಡಗಿನಿಂದ ಅಳೆದು ಗುಂಡು ಹಾರಿಸುವುದು ಎಷ್ಟು ಎಚ್ಚರದ ಕೆಲಸವೆಂಬುದನ್ನು ನೀವೇ ಊಹಿಸಿರಿ. ತೋಪುಗಳ ಹೊಡೆತಕ್ಕೆ ಪೋರ್ಚುಗೀಸರ ನೆಲೆಗಳು ಒಂದೊಂದಾಗಿ ಸೋತವು. ಮರುದಿನ ಮಧ್ಯಾಹ್ನದ ಹೊತ್ತಿಗೆ ದ್ವೀಪ ಪೂರ್ಣವಾಗಿ ನಮ್ಮ ವಶವಾಗಿತ್ತು.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪೋರ್ಚುಗೀಸ್ ಪಡೆಯ ಮೂವರು ಬಂಡೆಗಳ ನಡುವೆ ಅಡಗಿ ಉಳಿದಿದ್ದರು. ಒಬ್ಬನು 19ರಂದು ಶರಣಾದನು. ಇನ್ನೊಬ್ಬನು 20ರಂದು ಸಿಕ್ಕಿಬಿದ್ದನು. ಅದಕ್ಕೆ ಮೊದಲು ಕೈಬಾಂಬುಗಳನ್ನು ಎಸೆದು ನಮ್ಮ ಕೆಲವರನ್ನು ಗಾಯಗೊಳಿಸಿದ್ದನು. ಮೂರನೆಯವನು ಗೋವೆಯವನೇ ಆದ ಒಬ್ಬ ಸಾಮಾನ್ಯ ಸಿಪಾಯಿ. ಅವನು ಸಮುದ್ರವನ್ನು ಈಜಿಕೊಂಡು ದಂಡೆ ಸೇರಿ 22ರಂದು ಸೆರೆಸಿಕ್ಕನು. ಭಾರತದಲ್ಲಿ ಸೆರೆಯಾದ ಪೋರ್ಚುಗೀಸ್ ಸೇನೆಯ ಕೊನೆಯ ಸೈನಿಕ ಅವನೇ. ಯಾರದೋ ಸಾಮ್ರಾಜ್ಯಕ್ಕಾಗಿ ನಮ್ಮ ನೆಲದ ಹುಡುಗನೊಬ್ಬನು ನಾಲ್ಕು ದಿನ ಬಂಡೆ, ನೀರುಗಳಲ್ಲಿ ಅಲೆಯಬೇಕಾಯಿತಲ್ಲ ಎಂದು ನೆನೆದರೆ ಮರುಕವಾಗುತ್ತದೆ.

ಬಿಳಿಯ ಬಾವುಟ ತೋರಿಸಿ ಗುಂಡು ಹಾರಿಸುವುದು ಯುದ್ಧದ ನಿಯಮಗಳಿಗೆ ವಿರುದ್ಧ. ಅದು ಬೇಕೆಂದೇ ಮಾಡಿದ ಮೋಸವೇ, ಅಥವಾ ಒಂದು ಮೂಲೆಯಲ್ಲಿ ಸೋಲೊಪ್ಪಿದುದು ಇನ್ನೊಂದು ಮೂಲೆಯವರಿಗೆ ತಿಳಿಯದೆ ಹೋಯಿತೇ? ಯುದ್ಧದ ಗೊಂದಲದಲ್ಲಿ ಎರಡಕ್ಕೂ ಅವಕಾಶವುಂಟು. ಕಾರಣ ಯಾವುದೇ ಇರಲಿ, ಕೆಲಸ ಮುಗಿಯಿತೆಂದು ಎಣಿಸುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ ಎಂಬುದನ್ನು ಆ ಬೆಳಗು ಕಲಿಸಿತು.

ಲೆಕ್ಕ ಹಾಕಿ ನೋಡೋಣ

ಅಂಜದೀವದಲ್ಲಿ ನಮ್ಮ ಏಳು ನಾವಿಕರು ಮಡಿದರು. ಇಬ್ಬರು ಅಧಿಕಾರಿಗಳು ಮತ್ತು ಹದಿನೇಳು ನಾವಿಕರು ಗಾಯಗೊಂಡರು. ಗೋವಾ, ದಮನ್, ದಿಯು ಮೂರನ್ನೂ ಸೇರಿಸಿ ಆ ಕಾರ್ಯಾಚರಣೆಯಲ್ಲಿ ಮಡಿದ ಭಾರತೀಯ ಯೋಧರು ಒಟ್ಟು 22 ಮಂದಿ. ಅಂದರೆ ಸುಮಾರು ಮೂರರಲ್ಲಿ ಒಂದು ಪಾಲು ಬಲಿ ಈ ಒಂದು ಪುಟ್ಟ ದ್ವೀಪದಲ್ಲಿಯೇ ಆಯಿತು. ಗೋವೆಯ ವಿಸ್ತೀರ್ಣ 3,700 ಚದರ ಕಿಲೋಮೀಟರಿಗೂ ಹೆಚ್ಚು. ಆ ಇಡೀ ನಾಡಿನಲ್ಲಿ ಸೇನೆ ಒಂದೂವರೆ ದಿನದೊಳಗೆ ಹರಡಿಕೊಂಡಿತು. ಅಳತೆಯಲ್ಲಿ ಅದರ ಸಾವಿರದ ಒಂದು ಪಾಲೂ ಇಲ್ಲದ ದ್ವೀಪವು ಏಳು ಜನರನ್ನು ಕೇಳಿತು. ಗಣಿತದ ವಿದ್ಯಾರ್ಥಿಗಳು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ವಿಸ್ತೀರ್ಣ ನೋಡಿ ಕಷ್ಟವನ್ನು ಅಳೆಯಬಾರದು ಎಂಬ ಮಾತು ಆಗ ಮನಸ್ಸಿಗೆ ನಾಟುತ್ತದೆ.

ಹೊರಗಿನ ಪ್ರಪಂಚದಲ್ಲಿ ಇದೇ ಪಾಠವನ್ನು ಇನ್ನೂ ಘೋರವಾಗಿ ಕಲಿತವರಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ, 1943ರ ನವೆಂಬರ್ 20ರಂದು, ಶಾಂತಸಾಗರದ ತರಾವಾ ಹವಳದ್ವೀಪಗಳಲ್ಲಿ ಬೇಟಿಯೋ ಎಂಬುದರ ಮೇಲೆ ಅಮೆರಿಕದ ಸೈನಿಕರು ಇಳಿದರು. ಜಪಾನೀಯರು ತೆಂಗಿನ ದಿಮ್ಮಿ, ಕಾಂಕ್ರೀಟು, ಮರಳುಗಳಿಂದ ಆ ದ್ವೀಪವನ್ನು ಕೋಟೆಯಾಗಿ ಮಾಡಿಕೊಂಡಿದ್ದರು. ಅಂದು ಸಮುದ್ರದ ಉಬ್ಬರ ಎಣಿಸಿದಷ್ಟು ಬರಲಿಲ್ಲ. ದೋಣಿಗಳು ಹವಳದ ದಿಬ್ಬಕ್ಕೆ ತಾಗಿ ನಿಂತುಬಿಟ್ಟವು. ಸೈನಿಕರು ಎದೆಮಟ್ಟದ ನೀರಿನಲ್ಲಿ ನೂರಾರು ಗಜ ನಡೆಯುತ್ತ ಗುಂಡಿಗೆ ಎದುರಾದರು. 76 ಗಂಟೆಗಳ ಕದನದಲ್ಲಿ ಸಾವಿರಕ್ಕೂ ಹೆಚ್ಚು ಅಮೆರಿಕನರು ಸತ್ತರು. ದ್ವೀಪದಲ್ಲಿದ್ದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಬದುಕುಳಿದ ಜಪಾನೀ ಸೈನಿಕರು ಬರಿಯ 17. ಉಳಿದುಕೊಂಡ ಇತರರು ದುಡಿಮೆಗೆಂದು ತಂದಿದ್ದ ಕೊರಿಯಾದ ಕೂಲಿಗಳು. ತರಾವಾದ ಎದುರು ಅಂಜದೀವ ಚಿಕ್ಕ ಘಟನೆಯೇ. ಆದರೆ ನೀರಿನಿಂದ ನೆಲಕ್ಕೆ ಕಾಲಿಡುವ ಆ ನಿಮಿಷಗಳು ಎರಡೂ ಕಡೆ ಒಂದೇ.

ನಮ್ಮ ದೇಶವು ಈ ವಿದ್ಯೆಯನ್ನು ಮೆಲ್ಲಮೆಲ್ಲನೆ ಕಲಿತುಕೊಂಡಿತು. 1987ರಲ್ಲಿ ನೌಕಾಪಡೆಯು ನೀರು, ನೆಲ ಎರಡರಲ್ಲಿಯೂ ಹೋರಾಡಬಲ್ಲ ಕಮಾಂಡೋ ದಳವೊಂದನ್ನು ಕಟ್ಟಿತು. ಅಂಜದೀವದ ನಾವಿಕರಿಗೆ ಇಲ್ಲದಿದ್ದ ಶಿಕ್ಷಣ ಅವರ ತಮ್ಮಂದಿರಿಗೆ ದೊರೆಯಿತು.

ನಮ್ಮ ಊರಿನ ರಸ್ತೆ

ಈಗ ಮೊದಲು ಕೊಟ್ಟ ಮಾತನ್ನು ನಡೆಸಿಕೊಡುತ್ತೇವೆ. ಗೋವೆಯ ಕಾರ್ಯಾಚರಣೆಯ ಒಟ್ಟು ಹೊಣೆ ಹೊತ್ತವರು ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿ, ಆಗ ಅವರು ದಕ್ಷಿಣ ವಿಭಾಗದ ಸೇನಾಧಿಪತಿ. ಈ ಹೆಸರನ್ನು ನಮ್ಮ ಕಡೆಯ ಹಿರಿಯರು ಕೇಳಿದ್ದಾರೆ. 1948ರ ಸೆಪ್ಟೆಂಬರ್ 13ರಂದು ಆರಂಭವಾದ, ಜನರು ಪೊಲೀಸ್ ಆಕ್ಷನ್ ಎಂದು ಕರೆಯುವ ಹೈದರಾಬಾದ್ ಕಾರ್ಯಾಚರಣೆಯಲ್ಲಿ ಸೊಲ್ಲಾಪುರದಿಂದ ಹೊರಟ ಪಡೆಯ ನಾಯಕರೂ ಇವರೇ. ಆ ಪಡೆ ನಳದುರ್ಗ, ಹುಮನಾಬಾದಗಳನ್ನು ದಾಟಿ ನಮ್ಮ ಜಹೀರಾಬಾದಿನ ಮೂಲಕವೇ ಮುಂದೆ ಸಾಗಿತು. ಇಂದು ನೀವು ಬಸ್ಸು ಹಿಡಿಯುವ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯೇ ಅವರ ದಾರಿ. ಸೆಪ್ಟೆಂಬರ್ 17ರಂದು ನಿಜಾಮರು ಕದನವಿರಾಮ ಸಾರಿದರು.

ಆಗ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ಏರ್ಪಟ್ಟಾಗ ನಾವು ಈಚೆಗೆ ಸೇರಿದೆವು. ಗಡಿಗೆರೆ ಸರಿಯಿತು, ಮನೆಮಾತು ಉಳಿಯಿತು. ಹೀಗೆ ಹದಿಮೂರು ವರ್ಷಗಳ ಅಂತರದಲ್ಲಿ ಒಬ್ಬನೇ ಸೇನಾನಿಯ ಹೆಸರು ನಮ್ಮ ಹೆದ್ದಾರಿಯನ್ನೂ ಕಾರವಾರದ ಸಮುದ್ರವನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಅಂಜದೀವದ ಕಥೆ ದೂರದವರ ಕಥೆಯಲ್ಲ ಎಂದು ನಾವು ಹೇಳಿದುದು ಇದಕ್ಕಾಗಿಯೇ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. 1948ರಲ್ಲಿ ಸೇನೆ ಬರುವ ಮೊದಲು ರಜಾಕಾರರ ಹಾವಳಿಯಿಂದ ಎಷ್ಟೋ ಹಳ್ಳಿಗಳು ನೊಂದವು; ಸೇನೆ ಬಂದ ಬಳಿಕ ಸೇಡಿನ ಹೆಸರಿನಲ್ಲಿ ಎಷ್ಟೋ ನಿರಪರಾಧಿ ಮುಸಲ್ಮಾನ ಕುಟುಂಬಗಳೂ ನೊಂದವು. ವಿಜಯ ಎಂಬ ಪದವನ್ನು ಬರೆಯುವಾಗ ಅದರ ಕೆಳಗೆ ಕಣ್ಣೀರಿಟ್ಟವರೆಲ್ಲರೂ ನಮ್ಮವರೇ ಎಂಬ ಅರಿವು ಇರಬೇಕು. ಗೋವೆಯ ಕದನದಲ್ಲಿಯೂ ಎದುರು ಪಕ್ಷದಲ್ಲಿ ವಿವೇಕವಂತನೊಬ್ಬನಿದ್ದನು. ಕೊನೆಯ ಸೈನಿಕನ ತನಕ ಹೋರಾಡಬೇಕೆಂದು ಸಲಜಾರ್ ಆಜ್ಞೆ ಕಳುಹಿಸಿದ್ದರೂ, ಗೋವೆಯ ಗವರ್ನರ್ ಜನರಲ್ ವಸ್ಸಾಲೋ ಇ ಸಿಲ್ವಾ ಅದನ್ನು ಪಾಲಿಸದೆ 19ರ ಸಂಜೆ ಶರಣಾದನು. ತಾಯ್ನಾಡಿನಲ್ಲಿ ಅವನಿಗೆ ಅವಮಾನ ಕಾದಿತ್ತು, ಸೇನೆಯಿಂದ ಹೊರಹಾಕಿದರು. 1974ರಲ್ಲಿ ಅಲ್ಲಿ ಸರ್ವಾಧಿಕಾರ ಬಿದ್ದ ಮೇಲೆಯೇ ಅವನ ಗೌರವ ಮರಳಿತು. ಅವನ ಆ ಒಂದು ನಿರ್ಧಾರದಿಂದ ಉಳಿದ ಪ್ರಾಣಗಳೆಷ್ಟು ಎಂದು ಯಾರೂ ಎಣಿಸಲಾರರು.

ಇಂದಿನ ಅಂಜದೀವ

ಇಂದು ಅಂಜದೀವ ಮೊದಲಿನ ಹಾಗೆ ಒಂಟಿ ದ್ವೀಪವಾಗಿಲ್ಲ. ಕಾರವಾರದ ಬಳಿ ಸೀಬರ್ಡ್ ಯೋಜನೆಯಲ್ಲಿ ದೊಡ್ಡ ನೌಕಾನೆಲೆ ಬೆಳೆದಿದೆ. 1986ರಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿತು. 2005ರಲ್ಲಿ ಕದಂಬ ಎಂಬ ಹೆಸರಿನಿಂದ ಸೇವೆಗೆ ಸೇರಿತು. ಬನವಾಸಿಯ ಕದಂಬರ ಹೆಸರು ನೌಕಾನೆಲೆಯ ಮೇಲೆ ನಿಂತಿರುವುದು ಕನ್ನಡಿಗರಿಗೆಲ್ಲ ಸಂತೋಷದ ಸಂಗತಿ. ಅದಕ್ಕಾಗಿ ಆ ದಂಡೆಯ ಅನೇಕ ಹಳ್ಳಿಗಳ ಜನ ಮನೆ, ಹೊಲಗಳನ್ನು ಬಿಟ್ಟುಕೊಟ್ಟರು ಎಂಬುದನ್ನೂ ನೆನೆಯಬೇಕು. ಕಲ್ಲುಗಳನ್ನು ಸಮುದ್ರಕ್ಕೆ ಸುರಿದು ಕಟ್ಟಿದ ಅಲೆತಡೆ ಗೋಡೆಯು ದ್ವೀಪವನ್ನು ದಂಡೆಗೆ ಜೋಡಿಸಿದೆ. ಏಳು ನಾವಿಕರು ದೋಣಿಯಲ್ಲಿ ದಾಟಿದ ಸಮುದ್ರದ ಅಂಚಿನಲ್ಲಿ ಈಗ ಕಲ್ಲಿನ ದಾರಿಯಿದೆ. ದ್ವೀಪವು ನೌಕಾಪಡೆಯ ವಶದಲ್ಲಿರುವುದರಿಂದ ಸಾರ್ವಜನಿಕರು ಅಲ್ಲಿಗೆ ಮನಬಂದಂತೆ ಹೋಗುವಂತಿಲ್ಲ. ಮಡಿದ ನಾವಿಕರ ಸ್ಮಾರಕವು ಗೋವೆಯಲ್ಲಿ ಗೋಮಾಂತಕ ಎಂಬ ನೌಕಾನೆಲೆಯಲ್ಲಿದೆ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳನ್ನು ಗೋವೆಗೋ ಗೋಕರ್ಣಕ್ಕೋ ಕರೆದೊಯ್ಯುವ ಅವಕಾಶ ಬಂದರೆ ಕಾರವಾರದ ಕಡಲದಂಡೆಯಲ್ಲಿ ಒಂದು ಗಳಿಗೆ ನಿಲ್ಲಿರಿ. ಅಲೆಗಳಾಚೆಗಿನ ದ್ವೀಪಗಳನ್ನು ತೋರಿಸಿ, ಇವುಗಳಲ್ಲಿ ಒಂದಕ್ಕಾಗಿ ಏಳು ಮಂದಿ ಪ್ರಾಣ ಕೊಟ್ಟರೆಂದು ಹೇಳಿರಿ. ಮಕ್ಕಳಿಗೆ ನಾವು ಹೇಳುವುದೂ ಇಷ್ಟೇ: ಇತಿಹಾಸದ ಪುಸ್ತಕದಲ್ಲಿ ಒಂದು ವಾಕ್ಯ ಎದುರಾದಾಗ ಅದರ ಒಳಗೆ ಯಾರಿದ್ದಾರೆಂದು ಕೇಳಿ ನೋಡಿರಿ. ಬಲೆ ಬೀಸಲು ಹೋಗಿ ಬಾರದ ಮೀನುಗಾರನಿರಬಹುದು. ದೋಣಿಯಲ್ಲಿ ಕುಳಿತು ದಂಡೆಯನ್ನೇ ನೋಡುತ್ತಿದ್ದ ಇಪ್ಪತ್ತರ ಹರೆಯದ ನಾವಿಕನಿರಬಹುದು. ಅವರನ್ನು ಕಂಡ ದಿನ ಇತಿಹಾಸದ ಪಾಠ ಕಲಿತಂತಾಯಿತು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಭಾರತದ ನಕ್ಷೆಯಲ್ಲಿ ಜಹೀರಾಬಾದ್, ತಾಂಡೂರು, ಬೆಳಗಾವಿ, ಕಾರವಾರ ಮತ್ತು ಗೋವೆಯನ್ನು ಗುರುತಿಸಿರಿ.

2. ದೋಣಿಗಳು ದಂಡೆಗೆ ಹತ್ತಿರವಾದಾಗ ಹಡಗಿನ ತೋಪುಗಳನ್ನು ಏಕೆ ನಿಲ್ಲಿಸಬೇಕಾಗುತ್ತದೆ? ಅದರಿಂದ ಬರುವ ಅಪಾಯವೇನು?

3. ಸಮುದ್ರದ ನಡುವಿನ ದ್ವೀಪಕ್ಕೆ ಸಿಹಿನೀರಿನಿಂದ ಬರುವ ಮಹತ್ವವನ್ನು ನಿಮ್ಮ ಊರಿನ ಬಾವಿಯ ಉದಾಹರಣೆಯೊಂದಿಗೆ ಬರೆಯಿರಿ.

4. 1948ರ ಸೆಪ್ಟೆಂಬರಿನ ದಿನಗಳ ಬಗ್ಗೆ ನಿಮ್ಮ ಮನೆಯ ಅಜ್ಜ ಅಜ್ಜಿಯರು ತಮ್ಮ ಹಿರಿಯರಿಂದ ಕೇಳಿದುದನ್ನು ಕೇಳಿ ತಿಳಿದು, ಒಂದು ಪುಟ ಬರೆದು ತರಗತಿಯಲ್ಲಿ ಓದಿರಿ.